ಅಲುಗದೆ ಮಲಗುವ ವಿದ್ಯೆ: ಶವಾಸನ ನಡೆದುಬಂದ ದಾರಿ

ಯೋಗ ತರಗತಿಯಲ್ಲಿ ಸಮಯ ಸಾಲದಾದರೆ ಮೊದಲು ಕತ್ತರಿ ಬೀಳುವುದು ಶವಾಸನಕ್ಕೆ. ಸೂರ್ಯನಮಸ್ಕಾರದ ಸುತ್ತುಗಳು ಮುಗಿಯಲೇಬೇಕು, ಸರ್ವಾಂಗಾಸನ ಬಿಡುವಂತಿಲ್ಲ. ಕೊನೆಗೆ ಉಳಿದ ಎರಡು ನಿಮಿಷ ಅಂಗಾತ ಮಲಗಿ ಎದ್ದರಾಯಿತು ಎಂಬ ಭಾವನೆ ಬೇರೂರಿದೆ. ಆದರೆ ಹಳೆಯ ಗ್ರಂಥಗಳನ್ನೂ ಕಳೆದ ನೂರು ವರ್ಷಗಳ ಪ್ರಯೋಗಗಳನ್ನೂ ಜೊತೆಗಿಟ್ಟು ನೋಡಿದರೆ ಕಾಣುವುದೇ ಬೇರೆ. ಮೈಮನಗಳನ್ನು ಸಡಿಲಿಸುವುದು ಆಸನಗಳ ನಡುವಿನ ಬಿಡುವಲ್ಲ. ಅದು ಹೇಳಿಕೊಡಬೇಕಾದ, ಅಭ್ಯಾಸದಿಂದಷ್ಟೇ ಕೈಗೂಡುವ ವಿದ್ಯೆ.

ಲಯದಿಂದ ಆಸನಕ್ಕೆ

ಪತಂಜಲಿಯ ಯೋಗಸೂತ್ರಗಳ ಎರಡನೆಯ ಪಾದದಲ್ಲಿ ಆಸನದ ಬಗ್ಗೆ ಇರುವ ಮಾತು ಬಹಳ ಕಡಿಮೆ. ಆ ಕೆಲವೇ ಮಾತುಗಳಲ್ಲಿ ಪ್ರಯತ್ನವನ್ನು ಸಡಿಲಗೊಳಿಸುವುದಕ್ಕೆ ಮುಖ್ಯ ಸ್ಥಾನವಿದೆ. ದುಡಿದಾದ ಮೇಲೆ ಸಿಗುವ ವಿಶ್ರಾಂತಿ ಅದಲ್ಲ. ಸಡಿಲಿಕೆ ಬಂದಾಗಲೇ ಆಸನ ಸಿದ್ಧಿಸುತ್ತದೆ ಎಂಬುದು ಅಲ್ಲಿನ ನಿಲುವು.

ಶವದಂತೆ ಮಲಗುವ ಅಭ್ಯಾಸ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಸುಮಾರು 13ನೆಯ ಶತಮಾನದ ದತ್ತಾತ್ರೇಯ ಯೋಗಶಾಸ್ತ್ರದಲ್ಲಿ. ಅಲ್ಲಿ ಅದನ್ನು ಆಸನಗಳ ಸಾಲಿಗೆ ಸೇರಿಸಿಲ್ಲ, ಲಯಯೋಗದ ಉಪಾಯಗಳಲ್ಲಿ ಒಂದಾಗಿ ಹೇಳಿದೆ. ಚಿತ್ತ ಕರಗಿಹೋಗುವುದೇ ಅದರ ಗುರಿ. 15ನೆಯ ಶತಮಾನದಲ್ಲಿ ಸ್ವಾತ್ಮಾರಾಮ ರಚಿಸಿದ ಹಠಯೋಗ ಪ್ರದೀಪಿಕೆಯಲ್ಲಿ ಇದೇ ಅಭ್ಯಾಸ ಶವಾಸನವಾಗಿ ಆಸನಗಳ ನಡುವೆ ಬಂದು ಕೂತಿತು. ದಣಿವು ಕಳೆಯುವುದು, ಚಿತ್ತಕ್ಕೆ ವಿಶ್ರಾಂತಿ ಕೊಡುವುದು ಎಂದು ಎರಡು ಫಲಗಳನ್ನು ಆ ಗ್ರಂಥ ಹೇಳುತ್ತದೆ. ಮುಂದೆ ಘೇರಂಡ ಸಂಹಿತೆ ತನ್ನ 32 ಆಸನಗಳಲ್ಲಿ ಇದನ್ನು ಮೃತಾಸನವೆಂದು ಎಣಿಸಿತು.

ಯೋಗನಿದ್ರೆಯ ಕಥೆ ಬೇರೆ. ಪುರಾಣಗಳಲ್ಲಿ ಅದು ವಿಷ್ಣುವಿನ ನಿದ್ರೆ; ಹಠಯೋಗ ಗ್ರಂಥಗಳಲ್ಲಿ ಸಮಾಧಿಗೆ ಸಮನಾದ ಸ್ಥಿತಿ. ಗುರುವಿನ ದನಿ ಕೇಳುತ್ತಾ ಮಲಗಿ ಮಾಡುವ ಇಂದಿನ ಯೋಗನಿದ್ರೆ 20ನೆಯ ಶತಮಾನದಲ್ಲಿ ರೂಪುಗೊಂಡದ್ದು.

ಹೊರಗಿನಿಂದ ಬಂದ ಮಾತು

ಅದೇ ಕಾಲದಲ್ಲಿ ಯುರೋಪ್ ಮತ್ತು ಅಮೆರಿಕಗಳಲ್ಲೂ ಸಡಿಲಿಕೆಯ ಬಗ್ಗೆ ಗಂಭೀರ ಕೆಲಸ ನಡೆಯುತ್ತಿತ್ತು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದೊಂದೇ ಸ್ನಾಯುಗುಂಪಿನ ಬಿಗಿತವನ್ನು ಗುರುತಿಸಿ ಬಿಡುವ ಕ್ರಮವನ್ನು ವಿವರಿಸಿದರು. ಜರ್ಮನಿಯ ವೈದ್ಯ ಯೋಹಾನೆಸ್ ಶುಲ್ಟ್ಸ್ 1932ರಲ್ಲಿ ಮಂಡಿಸಿದ ವಿಧಾನದಲ್ಲಿ ಕೈಕಾಲು ಭಾರವಾಗಿವೆ, ಬೆಚ್ಚಗಾಗಿವೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಇಂದು ಶವಾಸನದಲ್ಲಿ ಕೇಳುವ ಎಷ್ಟೋ ಸೂಚನೆಗಳಿಗೂ ಇವಕ್ಕೂ ಹೋಲಿಕೆ ಎದ್ದು ಕಾಣುತ್ತದೆ.

ಮುಂಗೇರ್‌ನಲ್ಲಿ ಬಿಹಾರ ಯೋಗ ವಿದ್ಯಾಲಯ ಕಟ್ಟಿದ ಸ್ವಾಮಿ ಸತ್ಯಾನಂದ ಸರಸ್ವತಿ ಯೋಗನಿದ್ರೆಗೆ ನಿಶ್ಚಿತ ಕ್ರಮ ಕೊಟ್ಟರು. 1976ರಲ್ಲಿ ಅವರ ಪುಸ್ತಕ ಬಂತು. ಮೊದಲು ಸಂಕಲ್ಪ, ಆಮೇಲೆ ಬಲಗೈ ಹೆಬ್ಬೆರಳಿನಿಂದ ಶುರುವಾಗಿ ಅಂಗಾಂಗಗಳ ಮೇಲೆ ಗಮನದ ಸಂಚಾರ, ಉಸಿರಿನ ಎಣಿಕೆ, ಭಾರ–ಹಗುರ, ಬಿಸಿ–ತಂಪುಗಳಂಥ ವಿರುದ್ಧ ಅನುಭವಗಳು, ಕಣ್ಣೊಳಗಿನ ಚಿತ್ರಗಳು, ಕೊನೆಗೆ ಮತ್ತೆ ಸಂಕಲ್ಪ. ತಂತ್ರಶಾಸ್ತ್ರದ ನ್ಯಾಸದಲ್ಲಿ ಮಂತ್ರ ಹೇಳುತ್ತಾ ಒಂದೊಂದು ಅಂಗವನ್ನು ಮುಟ್ಟುತ್ತಾರೆ. ಅದರಿಂದಲೇ ಈ ಕ್ರಮವನ್ನು ರೂಪಿಸಿದೆ ಎಂದು ಸತ್ಯಾನಂದರು ಹೇಳಿದ್ದಾರೆ. ಇದು ಹೊಸ ಕಟ್ಟಡ ಎಂದು ಒಪ್ಪಿಕೊಳ್ಳುವುದರಿಂದ ಅದರ ಬೆಲೆಯೇನೂ ಕುಂದುವುದಿಲ್ಲ. ಜೀವಂತ ಪರಂಪರೆಗಳು ಬೆಳೆಯುವುದೇ ಹೀಗೆ.

ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್ ಇನ್ನೊಂದು ದಾರಿ ತೆರೆದರು. ದೇಹದ ರೇಖೆ ಒಂದಿಷ್ಟೂ ಓರೆಯಾಗದಂತೆ ಆಸನ ಮಾಡಿಸುತ್ತಿದ್ದ ಅವರೇ ಶವಾಸನವನ್ನು ವಶಮಾಡಿಕೊಳ್ಳುವುದು ಬಲು ಕಷ್ಟವೆಂದು ಬರೆದರು. ರೋಗಿಗಳಿಗಾಗಿ ದಿಂಬು, ಕಂಬಳಿ, ಬೆಲ್ಟು, ಕುರ್ಚಿಗಳ ಆಸರೆ ಕೊಟ್ಟು ಸ್ನಾಯುಗಳಿಗೆ ಕೆಲಸವೇ ಇಲ್ಲದಂತೆ ಮಲಗಿಸುವ ಪದ್ಧತಿಯನ್ನು ಬೆಳೆಸಿದರು. ಅವರಲ್ಲಿ ಕಲಿತ ಅಮೆರಿಕದ ಜುಡಿತ್ ಲಾಸಟರ್ 1995ರಲ್ಲಿ ಇದನ್ನೇ ವಿಸ್ತರಿಸಿ ಪುಸ್ತಕ ಬರೆದರು. ‘ರೆಸ್ಟೋರೆಟಿವ್ ಯೋಗ’ ಎಂಬ ಹೆಸರಿನಲ್ಲಿ ಅದು ಅಲ್ಲಿ ಹರಡಿತು.

ಆಸ್ಪತ್ರೆಯ ಅಂಗಳದಲ್ಲಿ

1924ರಲ್ಲಿ ಸ್ವಾಮಿ ಕುವಲಯಾನಂದರು ಲೋನಾವಳದಲ್ಲಿ ಕೈವಲ್ಯಧಾಮ ಸ್ಥಾಪಿಸಿದ ಮೇಲೆ ಯೋಗವನ್ನು ಉಪಕರಣಗಳಿಂದ ಅಳೆಯುವ ಕೆಲಸ ಭಾರತದಲ್ಲಿ ಗಟ್ಟಿಯಾಯಿತು. ಶವಾಸನದ ಮಟ್ಟಿಗೆ ದೊಡ್ಡ ತಿರುವು ಬಂದದ್ದು 1969ರಲ್ಲಿ. ಮುಂಬಯಿಯ ಹೃದ್ರೋಗ ತಜ್ಞ ಕೆ.ಕೆ. ದಾತೆ ಮತ್ತು ಸಂಗಡಿಗರು ರಕ್ತದೊತ್ತಡವಿದ್ದ 47 ರೋಗಿಗಳಿಗೆ ಶವಾಸನ ಕಲಿಸಿ ಫಲಿತಾಂಶ ಪ್ರಕಟಿಸಿದರು. ಹಲವರ ಒತ್ತಡ ಇಳಿಯಿತು. ಕೆಲವರಿಗೆ ಮಾತ್ರೆಯ ಪ್ರಮಾಣ ತಗ್ಗಿಸಲು ಸಾಧ್ಯವಾಯಿತು. ಇಂಗ್ಲೆಂಡಿನಲ್ಲಿದ್ದ ವೈದ್ಯೆ ಚಂದ್ರಾ ಪಟೇಲ್ 1973 ಮತ್ತು 1975ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಕೆಲಸವನ್ನು ಮುಂದುವರಿಸಿದರು. ಎರಡನೆಯ ಅಧ್ಯಯನದಲ್ಲಿ 34 ರೋಗಿಗಳನ್ನು ಎರಡು ಗುಂಪುಗಳಿಗೆ ಹಂಚಿ ಹೋಲಿಸಿದ್ದು ಆ ಕಾಲಕ್ಕೆ ಮಹತ್ವದ ಹೆಜ್ಜೆ.

ಕರ್ನಾಟಕದ ಕೊಡುಗೆ ಬಂದದ್ದು ಬೆಂಗಳೂರಿನ ಹೊರವಲಯದ ಜಿಗಣಿ ಬಳಿಯ ಪ್ರಶಾಂತಿ ಕುಟೀರದಿಂದ. ಎಚ್.ಆರ್. ನಾಗೇಂದ್ರ ಅವರ ತಂಡ ಅಲ್ಲಿ ರೂಪಿಸಿದ ಆವರ್ತನ ಧ್ಯಾನಕ್ಕೆ ಮೂಲ ಮಾಂಡೂಕ್ಯ ಕಾರಿಕೆಯ ಒಂದು ವಿಚಾರ: ಮನಸ್ಸು ಮಂಕಾದಾಗ ಎಬ್ಬಿಸಬೇಕು, ಚದುರಿದಾಗ ತಣಿಸಬೇಕು. ಅದಕ್ಕೆ ತಕ್ಕಂತೆ ಅರ್ಧಕಟಿಚಕ್ರಾಸನ, ಶಶಾಂಕಾಸನದಂಥ ಆಸನಗಳನ್ನು ನಿಧಾನವಾಗಿ ಮಾಡಿಸಿ, ನಡುನಡುವೆ ಮಲಗಿಸಿ ಶಿಥಿಲೀಕರಣ ಮಾಡಿಸುತ್ತಾರೆ. ಅದೇ ತಂಡದ ಶರ್ಲಿ ಟೆಲ್ಲಿಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರಿಯ ಶವಾಸನದ ನಂತರ ಆಮ್ಲಜನಕದ ಬಳಕೆ ಸುಮಾರು ಶೇ. 10ರಷ್ಟು ಇಳಿದರೆ, ಆವರ್ತನ ಧ್ಯಾನದ ನಂತರ ಸುಮಾರು ಶೇ. 32ರಷ್ಟು ಇಳಿದಿತ್ತು. ಹೊಸಬರು ಮಲಗಿದೊಡನೆ ತೂಕಡಿಸುವುದನ್ನೋ, ಮನಸ್ಸು ಎಲ್ಲೆಲ್ಲಿಗೋ ಓಡುವುದನ್ನೋ ಕಂಡ ಶಿಕ್ಷಕರಿಗೆ ಈ ಅಂತರ ಅಚ್ಚರಿ ತರಲಾರದು. ಚಲನೆ ಮೈಯ ಬಿಗಿತವನ್ನು ಗುರುತು ಮಾಡಿಕೊಟ್ಟ ಮೇಲೆ ಅದನ್ನು ಬಿಡುವುದು ಸುಲಭ.

2002ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಯೋಗನಿದ್ರೆಯಲ್ಲಿದ್ದವರ ಮೆದುಳನ್ನು ಪೆಟ್ ಸ್ಕ್ಯಾನ್‌ನಲ್ಲಿ ನೋಡಿ ಡೋಪಮೈನ್ ಹೆಚ್ಚಿದ್ದನ್ನು ವರದಿ ಮಾಡಿದರು. ಅಮೆರಿಕದಲ್ಲಿ ರಿಚರ್ಡ್ ಮಿಲ್ಲರ್ ಹೊಂದಿಸಿದ ಯೋಗನಿದ್ರೆಯ ಕ್ರಮ ಯುದ್ಧದಿಂದ ಮರಳಿದ ಸೈನಿಕರ ಮಾನಸಿಕ ಆಘಾತದ ಚಿಕಿತ್ಸೆಗೂ ಬಳಕೆಯಾಯಿತು. ಈಗ ಧಾರ್ಮಿಕ ಹೆಸರುಗಳನ್ನು ಬಿಟ್ಟು ಮೊಬೈಲ್ ಆ್ಯಪ್‌ಗಳಲ್ಲೂ ಇದೇ ಅಭ್ಯಾಸ ಸಿಗುತ್ತಿದೆ.

ಇನ್ನು ಆಗಬೇಕಾದದ್ದು

ಈ ಅಧ್ಯಯನಗಳಲ್ಲಿ ಹಲವು ಸಣ್ಣವು. ಮಲಗುವ ಭಂಗಿ, ಉಸಿರು, ಗಮನದ ಸಂಚಾರ, ಹೇಳಿಕೊಡುವವರ ದನಿ – ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತದೆ ಎಂದು ಬಿಡಿಸಿ ನೋಡುವುದು ಬಾಕಿಯಿದೆ. ರಕ್ತದೊತ್ತಡವಿರುವವರು ಶವಾಸನವನ್ನು ನಂಬಿ ವೈದ್ಯರನ್ನು ಕೇಳದೆ ಮಾತ್ರೆ ಬಿಡಬಾರದು. ದಿನ ತುಂಬುತ್ತಿರುವ ಗರ್ಭಿಣಿಯರನ್ನು ಅಂಗಾತ ಮಲಗಿಸದೆ ಎಡಮಗ್ಗುಲಿಗೆ ಮಲಗಿಸಬೇಕು. ಸೊಂಟನೋವಿದ್ದರೆ ಮಂಡಿಯ ಕೆಳಗೆ ದಿಂಬು ಬೇಕು. ಆಘಾತ ಅನುಭವಿಸಿದವರಿಗೆ ಕಣ್ಣು ಮುಚ್ಚುವುದೇ ಭಯವಾಗಬಹುದು. ಅಂಥವರಿಗೆ ಕಣ್ಣು ತೆರೆದಿರಲು, ಬೇಕೆಂದಾಗ ಏಳಲು ಅವಕಾಶವಿರಬೇಕು.

ಇಷ್ಟೆಲ್ಲ ಸೂಕ್ಷ್ಮಗಳಿರುವ ಅಭ್ಯಾಸವನ್ನು ಧ್ವನಿಮುದ್ರಿಕೆಯೊಂದಕ್ಕೇ ಬಿಟ್ಟುಕೊಡಲಾಗದು. ಎಲ್ಲಿ ನಿಲ್ಲಿಸಬೇಕು, ಎಷ್ಟು ಮೌನ ಕೊಡಬೇಕು, ನಿದ್ದೆಗೆ ಜಾರಿದವರನ್ನು ಹೇಗೆ ಎಚ್ಚರಕ್ಕೆ ತರಬೇಕು ಎಂಬುದನ್ನು ಶಿಕ್ಷಕರ ತರಬೇತಿಯಲ್ಲಿ ಪ್ರತ್ಯೇಕ ಪಾಠವಾಗಿಸಬೇಕು. ವೈದ್ಯರು ಅಳೆದದ್ದು ದೇಹಕ್ಕಾದ ಲಾಭವನ್ನು, ಲಯಯೋಗಿಗಳು ಹುಡುಕಿದ್ದು ಚಿತ್ತದ ನೆಲೆಯನ್ನು. ಎರಡಕ್ಕೂ ಬೇಕಾದದ್ದು ಮೈ ಪೂರ್ತಿ ಸಡಿಲವಾದಾಗಲೂ ಕುಂದದ ಎಚ್ಚರ. ಆ ಎಚ್ಚರವನ್ನು ಕಲಿಸುವ ಹೊಣೆ ಶಿಕ್ಷಕರದು.