ಕಾವಲು ಬೆಣೆ: ಒಂಟಿಮರದ ದೋಣಿಯಲ್ಲಿರುವ ಒಂದು ಸಣ್ಣ ತೂತಿನ ಬಗ್ಗೆ

ಮಲೆನಾಡಿನ ಹಳೆಯ ಮನೆಗಳಲ್ಲಿ ಒಂದೇ ಮರದ ತುಂಡನ್ನು ಕೊರೆದು ಮಾಡಿದ ಮರಿಗೆಗಳು ಇರುತ್ತಿದ್ದವು. ಅದರ ಅಂಚನ್ನು ಹೆಬ್ಬೆರಳು ಒಳಗೆ, ಉಳಿದ ಬೆರಳು ಹೊರಗೆ ಬರುವಂತೆ ಹಿಡಿದರೆ ಗೋಡೆ ಎಷ್ಟು ದಪ್ಪ ಎಂದು ಕೈಗೇ ಗೊತ್ತಾಗುತ್ತದೆ. ದೋಣಿ ಕೊರೆಯುವವನಿಗೆ ಈ ಅನುಕೂಲ ಇಲ್ಲ. ಮೂರಾಳುದ್ದದ ದಿಮ್ಮಿಯ ಹೊಟ್ಟೆಯೊಳಗೆ ಕೂತು ಬಾಚಿ ಬೀಸುವಾಗ, ಕಾಲಡಿಯ ಮರ ಇನ್ನೂ ನಾಲ್ಕು ಬೆರಳು ಉಳಿದಿದೆಯೋ ಒಂದೇ ಬೆರಳೋ ಎಂದು ಕಣ್ಣಿಗೂ ಕಾಣುವುದಿಲ್ಲ, ಕೈಗೂ ಎಟುಕುವುದಿಲ್ಲ. ಒಂದು ಏಟು ಹೆಚ್ಚಾದರೆ ತಿಂಗಳ ಕೆಲಸ ಸೌದೆಗೆ. ಹಾಗಿದ್ದೂ ಎರಡು ಸೆಂಟಿಮೀಟರಿಗಿಂತ ತೆಳು ಗೋಡೆಯ ದೋಣಿಗಳನ್ನು ಕೊರೆದವರಿದ್ದಾರೆ. ಅವರು ಅಳತೆ ಹಿಡಿದದ್ದು ಹೇಗೆ? ಈ ಟಿಪ್ಪಣಿ ಆ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದು.

ಮೊದಲು ಹೆಸರಿನ ಬಗ್ಗೆ ಒಂದು ಮಾತು. ಕನ್ನಡದಲ್ಲಿ ದೋಣಿ ಎಂದರೆ ನೀರಿನ ಮೇಲೆ ಹೋಗುವುದು ಮಾತ್ರವಲ್ಲ. ದನಕ್ಕೆ ನೀರಿಡುವ ತೊಟ್ಟಿಯೂ ದೋಣಿ, ಸೂರಿನ ನೀರು ಹಿಡಿಯುವ ಕೊರೆದ ಮರವೂ ದೋಣಿ. ಸಂಸ್ಕೃತದ ದ್ರೋಣಿಗೂ ಮರದ ತೊಟ್ಟಿ ಮತ್ತು ದೋಣಿ ಎಂಬ ಎರಡೂ ಅರ್ಥಗಳಿವೆ. ಯಾವುದರಿಂದ ಯಾವುದು ಬಂತು ಎಂಬುದು ಭಾಷಾಶಾಸ್ತ್ರಜ್ಞರ ಜಗಳ. ನನಗೆ ಬೇಕಾದದ್ದು ಎರಡಕ್ಕೂ ಒಂದೇ ಮಾತು ಸಾಕಾಯಿತು ಎಂಬಷ್ಟೇ. 1955ರಲ್ಲಿ ನೆದರ್ಲೆಂಡ್ಸ್‌ನ ಪೆಸ್ಸೆ ಎಂಬ ಹಳ್ಳಿಯ ಹತ್ತಿರ ಹೆದ್ದಾರಿಗಾಗಿ ಮಣ್ಣು ಅಗೆಯುವಾಗ ಪೈನ್ ಮರದ ಕೊರೆದ ದಿಮ್ಮಿಯೊಂದು ಸಿಕ್ಕಿತು. ಉದ್ದ 298 ಸೆಂಟಿಮೀಟರ್, ಅಗಲ 44. ಇಂಗಾಲದ ಕಾಲಗಣನೆಯ ಪ್ರಕಾರ ಕ್ರಿಸ್ತಪೂರ್ವ 8000ದ ಆಸುಪಾಸಿನದು. ಈವರೆಗೆ ತಿಳಿದಿರುವ ದೋಣಿಗಳಲ್ಲಿ ಇದೇ ಅತ್ಯಂತ ಹಳೆಯದು ಎನ್ನುತ್ತಾರೆ. ಇಷ್ಟು ಕಿರಿದಾದದ್ದು ದೋಣಿಯಲ್ಲ, ದನದ ತೊಟ್ಟಿಯಿರಬೇಕು ಎಂದು ಕೆಲವರು ತಕರಾರು ತೆಗೆದರು. 2001ರಲ್ಲಿ ಅದರ ಪ್ರತಿಕೃತಿ ಮಾಡಿ ನೀರಿಗಿಳಿಸಿ ಹುಟ್ಟು ಹಾಕಿ ತೋರಿಸಿದ ಮೇಲೆ ತಕರಾರಿನ ಬಲ ಕುಗ್ಗಿತು. ಕನ್ನಡದವರು ಅಗೆದಿದ್ದರೆ ಎರಡೂ ಪಕ್ಷದವರು ಅದನ್ನು ದೋಣಿ ಎಂದೇ ಕರೆದು ಸುಮ್ಮನಾಗಬಹುದಿತ್ತು.

ಇನ್ನು ಅಳತೆಯ ವಿಷಯ. ರಷ್ಯಾದ ಉತ್ತರದ ನದಿಗಳಲ್ಲಿ ಒಂಟಿಮರದ ದೋಣಿ ಮಾಡುವವರ ಕ್ರಮ ಹೀಗಿದೆ. ದಿಮ್ಮಿಯ ಹೊರಮೈಯನ್ನೇ ಮೊದಲು ತಿದ್ದಿ ಮುಗಿಸುತ್ತಾರೆ. ಆಮೇಲೆ ಹೊರಗಿನಿಂದ ಸಾಲುಸಾಲಾಗಿ ಸಣ್ಣ ತೂತು ಕೊರೆದು, ಬೇಕಾದ ದಪ್ಪಕ್ಕೆ ಸರಿಯಾಗಿ ಕತ್ತರಿಸಿದ ಕಡ್ಡಿಬೆಣೆಗಳನ್ನು ಬಡಿದು ಕೂರಿಸುತ್ತಾರೆ. ಬೆಣೆಯ ಒಳತುದಿಯನ್ನು ಸುಟ್ಟು ಕಪ್ಪು ಮಾಡಿರುತ್ತಾರೆ, ಇಲ್ಲವೇ ಬೆಣೆಗೇ ಬೇರೆ ಬಣ್ಣದ ಮರ ಬಳಸುತ್ತಾರೆ. ತಳಕ್ಕೆ ಉದ್ದನೆಯ ಬೆಣೆ, ಬದಿಗೆ ಗಿಡ್ಡ ಬೆಣೆ. ಇಷ್ಟಾದ ಮೇಲೆ ಒಳಗೆ ಕೊರೆತ ಶುರು. ಬಿಳಿ ಮರದ ನಡುವೆ ಕಪ್ಪು ಚುಕ್ಕೆ ಮೂಡಿತೆಂದರೆ ಅಲ್ಲಿಗೆ ಬಾಚಿ ನಿಲ್ಲಬೇಕು. ಈ ಬೆಣೆಗಳನ್ನು ಅವರು ಸ್ತೊರೊಷ್ಕಿ ಎನ್ನುತ್ತಾರೆ, ಅಂದರೆ ಕಾವಲುಗಾರರು. ಹೆಸರು ಇಟ್ಟವನು ಬಾಚಿ ಹಿಡಿದವನೇ ಇರಬೇಕು. ಹೊರಗೆ ನಿಂತು ನೋಡುವವನಿಗೆ ಅದು ಅಳತೆಗೋಲು. ಒಳಗೆ ಕೂತವನಿಗೆ ಅದು ‘ಸಾಕು, ಇನ್ನು ಮುಟ್ಟಬೇಡ’ ಎನ್ನುವ ಕಾವಲು. ಬೆಣೆ ಅಲ್ಲಿಯೇ ಉಳಿಯುತ್ತದೆ; ದೋಣಿ ನೀರಿಗಿಳಿದಾಗ ಉಬ್ಬಿ ತನ್ನ ತೂತನ್ನು ತಾನೇ ಮುಚ್ಚುತ್ತದೆ.

ಫಿನ್‌ಲೆಂಡಿನ ಹಾಪಿಯೊ ದೋಣಿಗೂ ಇದೇ ಬೆಣೆಯ ಕ್ರಮ. ಈ ಪ್ರದೇಶಗಳು ಒಂದಕ್ಕೊಂದು ಹತ್ತಿರ, ಆದ್ದರಿಂದ ಒಬ್ಬರಿಂದ ಒಬ್ಬರು ಕಲಿತರು ಎಂದರೆ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಪೆಸಿಫಿಕ್‌ನ ಆಚೆ ದಡದಲ್ಲಿ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ವ್ಯಾಂಕೂವರ್ ದ್ವೀಪದ ಮೂಲನಿವಾಸಿಗಳ ಬಗ್ಗೆ ಫ್ರಾನ್ಸ್ ಬೋಆಸ್ 1909ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದೋಣಿ ಕೊರೆಯುವ ವಿವರಗಳಿವೆ. ಅಲ್ಲಿಯೂ ಕೆಂಪು ಸೀಡರ್ ಮರದ ಒಡಲಿಗೆ ತೂತು ಕೊರೆದೇ ದಪ್ಪ ನೋಡುತ್ತಿದ್ದರು, ಆಮೇಲೆ ಬೆಣೆಯಿಂದ ಮುಚ್ಚುತ್ತಿದ್ದರು.

ಹೀಗೆ ಎರಡು ದೂರದ ಜಾಗಗಳಲ್ಲಿ ಒಂದೇ ಜಾಣತನ ಕಂಡಾಗ ವಿದ್ವಾಂಸರಿಗೆ ಒಂದು ಚಪಲ ಹುಟ್ಟುತ್ತದೆ: ಇವರು ಎಂದೋ ಒಂದೆಡೆ ಸೇರಿದ್ದರು ಎನ್ನುವ ಚಪಲ. ನಮ್ಮ ದೇಶದ ದೋಣಿಗಳ ಬಗ್ಗೆ ಬರೆದ ಮಹನೀಯರೂ ಇದರಿಂದ ತಪ್ಪಿಸಿಕೊಂಡಿಲ್ಲ. ಮದ್ರಾಸ್ ಪ್ರಾಂತದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1920ರಲ್ಲಿ ಭಾರತದ ದೋಣಿ ವಿನ್ಯಾಸಗಳ ಕುರಿತು ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದಲ್ಲಿ ಇಂದಿಗೂ ಮೊದಲು ತೆರೆಯಬೇಕಾದದ್ದು. ದಕ್ಷಿಣದ ಕೆಲವು ದೋಣಿಗಳ ಪಕ್ಕಕ್ಕೆ ಕಟ್ಟುವ ತೇಲುಮರವನ್ನು ನೋಡಿ ಅವರು ಪಾಲಿನೇಷ್ಯದ ಕಡೆಯ ಪ್ರಭಾವವನ್ನು ಊಹಿಸಿದರು. ಅವರ ಅಳತೆ, ಚಿತ್ರ, ವರ್ಣನೆಗಳ ಬಗ್ಗೆ ನನಗೆ ಗೌರವವಿದೆ. ಊಹೆಯ ಬಗ್ಗೆ ಅಷ್ಟಿಲ್ಲ. ತೇಲುಮರದಂಥ ಇಡೀ ಕಟ್ಟಡದ ವಿಷಯದಲ್ಲಿ ಸಂಪರ್ಕದ ವಾದಕ್ಕೆ ಒಂದಿಷ್ಟು ಜಾಗವಿರಬಹುದು. ಆದರೆ ಬೆಣೆ ಹಾಗಲ್ಲ. ಹೊರಗಿನ ಮೈ ಮುಗಿದಿದೆ, ಒಳಗೆ ಕೊರೆಯಬೇಕು, ಎರಡೂ ಒಟ್ಟಿಗೆ ಕಾಣುವುದಿಲ್ಲ: ಇಷ್ಟು ಕಷ್ಟ ಕೊಟ್ಟರೆ ಯಾವ ಊರಿನ ಬಡಗಿಯಾದರೂ ತೂತು ಕೊರೆದೇ ನೋಡುತ್ತಾನೆ.

ಗೋಡೆ ಅಷ್ಟು ಸಮವಾಗಿ, ಅಷ್ಟು ತೆಳುವಾಗಿ ಏಕೆ ಇರಬೇಕು? ಹಗುರವಾಗಲಿ ಎಂಬುದು ಅರ್ಧ ಉತ್ತರ. ಉಳಿದರ್ಧಕ್ಕೆ ಎಸ್ಟೋನಿಯಾದ ಸೋಮಾ ಪ್ರದೇಶಕ್ಕೆ ಹೋಗಬೇಕು. ಸೋಮಾ ಎಂದರೆ ಜೌಗು ನಾಡು. ಹಿಮ ಕರಗುವ ವಸಂತದಲ್ಲಿ ಹೊಲ, ದಾರಿ, ಅಂಗಳ ಎಲ್ಲ ನೀರಡಿಗೆ ಹೋಗುತ್ತವೆ. ಅಲ್ಲಿನವರು ಅದನ್ನು ಐದನೆಯ ಋತು ಎಂದೇ ಎಣಿಸುತ್ತಾರೆ. ಆಗ ಮನೆಯಿಂದ ಮನೆಗೆ ಹೋಗಲು ಹಾಬ್ಯಾಸ್ ಎಂಬ ಒಂಟಿಮರದ ದೋಣಿ. ಹಾಬ್ ಎಂದರೆ ಆಸ್ಪೆನ್ ಮರ. ಈ ಮರ ದೊಡ್ಡ ಗಾತ್ರಕ್ಕೆ ಬೆಳೆಯುವುದಿಲ್ಲ. ಇದ್ದ ಹಾಗೆ ಕೊರೆದರೆ ಮನುಷ್ಯ ಕೂರಲಾಗದ ಕಿರಿದಾದ ಕೊಳವೆಯಷ್ಟೇ ಸಿಗುತ್ತದೆ, ಅದೂ ನೀರಿನಲ್ಲಿ ಮಗುಚಿಕೊಳ್ಳುತ್ತದೆ. ಅದಕ್ಕೆ ಅವರು ಕೊರೆದ ಒಡಲನ್ನು ಬೆಂಕಿಯ ಕಾವಿಗೆ ಹಿಡಿದು, ನೀರು ಹಾಕಿ ಒದ್ದೆ ಮಾಡುತ್ತಾ, ಎರಡೂ ಬದಿಗಳನ್ನು ನಿಧಾನ ಹೊರಕ್ಕೆ ಬಾಗಿಸುತ್ತಾರೆ. ಹಸಿಮರಕ್ಕೆ ಕಾವು ತಗುಲಿದಾಗ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಮೆತ್ತಗಾಗುತ್ತದೆ; ಆ ಹೊತ್ತಿನಲ್ಲಿ ಅಗಲಿಸಿ, ಅಡ್ಡಕಡ್ಡಿ ಕೊಟ್ಟು, ಆರಲು ಬಿಟ್ಟರೆ ಹೊಸ ಆಕಾರ ಹಾಗೆಯೇ ನಿಲ್ಲುತ್ತದೆ. ಹೀಗೆ ದೋಣಿ ತಾನು ಹುಟ್ಟಿದ ಮರಕ್ಕಿಂತ ಅಗಲವಾಗುತ್ತದೆ.

ಇಲ್ಲಿಯೇ ಬೆಣೆಯ ನಿಜವಾದ ಬೆಲೆ ತಿಳಿಯುವುದು. ಗೋಡೆಯ ಒಂದು ಕಡೆ ದಪ್ಪ, ಪಕ್ಕದಲ್ಲಿ ತೆಳು ಇದ್ದರೆ ಬಾಗಿಸುವ ಬಲವೆಲ್ಲ ತೆಳು ಜಾಗದಲ್ಲಿ ಹೋಗಿ ಕೂರುತ್ತದೆ. ಮರ ಅಲ್ಲಿಯೇ ಸೀಳುತ್ತದೆ. ಬೆಂಕಿಯ ಮುಂದೆ ನಡೆಯುವುದು ಪರೀಕ್ಷೆ ಮಾತ್ರ, ಪಾಸೋ ಫೇಲೋ ಎಂಬುದು ಬಾಚಿಯ ಕೆಲಸದಲ್ಲೇ ತೀರ್ಮಾನವಾಗಿರುತ್ತದೆ. ಹಾಬ್ಯಾಸ್ ಕೊರೆಯಬಲ್ಲ ಕುಶಲಿಗಳು ಈಗ ಕೆಲವರೇ. 2021ರಲ್ಲಿ ಯುನೆಸ್ಕೊ ಈ ಕಲೆಯನ್ನು ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಕೆನಡಾದ ಪಶ್ಚಿಮ ಕರಾವಳಿಯ ಹೈಡಾ ಜನರೂ ದೋಣಿಯನ್ನು ಹೀಗೆ ಅಗಲಿಸುತ್ತಾರೆ, ಆದರೆ ಅವರ ಸೀಡರ್ ದೋಣಿಯಲ್ಲಿ ಬೆಂಕಿ ನೇರವಾಗಿ ಮರಕ್ಕೆ ತಾಗುವುದಿಲ್ಲ. ಒಡಲಿಗೆ ನೀರು ತುಂಬಿ, ಕೆಂಪಗೆ ಕಾದ ಕಲ್ಲುಗಳನ್ನು ಅದರೊಳಗೆ ಹಾಕಿ, ಮೇಲೆ ಚಾಪೆ ಹೊದಿಸಿ ಹಬೆಯಲ್ಲಿ ಬೇಯಿಸುತ್ತಾರೆ. ನಮ್ಮ ಕಡುಬಿನ ಲೆಕ್ಕ. ಬದಿಗಳು ಅಗಲವಾದಾಗ ನಡುವಿನ ಅಂಚು ತಗ್ಗುತ್ತದೆ, ಎರಡು ತುದಿಗಳು ಮೇಲೇಳುತ್ತವೆ. ಇದನ್ನು ಮೊದಲೇ ಲೆಕ್ಕ ಹಾಕಿ ಅವರು ನಡುವಿನ ಅಂಚನ್ನು ಎತ್ತರ ಬಿಟ್ಟು, ತಳವನ್ನು ಉದ್ದಕ್ಕೆ ಸ್ವಲ್ಪ ಉಬ್ಬಿಸಿ ಕೊರೆದಿರುತ್ತಾರೆ. ಎಂದರೆ ಕೊರೆಯುವ ಆಕಾರ ಬೇರೆ, ಬೇಕಾದ ಆಕಾರ ಬೇರೆ. ಕಾಗದದ ಮೇಲೆ ನಕ್ಷೆಯಿಲ್ಲದೆ ಇದನ್ನು ತಲೆಯಲ್ಲಿ ಇಟ್ಟುಕೊಂಡವರ ಕೆಲಸವನ್ನು ಬಹಳ ಕಾಲ ‘ಆದಿಮ’ ಎಂಬ ವಿಭಾಗದಲ್ಲಿ ಜೋಡಿಸಿಟ್ಟರು. ಹೈಡಾ ಶಿಲ್ಪಿ ಬಿಲ್ ರೀಡ್ 1986ರ ವ್ಯಾಂಕೂವರ್ ವಿಶ್ವಮೇಳಕ್ಕಾಗಿ ಸುಮಾರು 15 ಮೀಟರ್ ಉದ್ದದ ಲೂ ಟಾಸ್ ದೋಣಿ ಮಾಡುವ ಹೊತ್ತಿಗೆ ದೊಡ್ಡ ಒಡಲನ್ನು ಹಬೆಯಲ್ಲಿ ಅರಳಿಸುವ ರೂಢಿ ತಪ್ಪಿಹೋಗಿತ್ತು. ಮೊದಲು ಸಣ್ಣ ದೋಣಿಗಳಲ್ಲಿ ಕೈ ಪಳಗಿಸಿಕೊಂಡೇ ಅವರು ಇದಕ್ಕೆ ಇಳಿದರು. ಮಾರನೆಯ ವರ್ಷ ಅದು ಹುಟ್ಟಿನ ಬಲದಲ್ಲಿ ವ್ಯಾಂಕೂವರಿನಿಂದ ಹೈಡಾ ಗ್ವಾಯ್ ದ್ವೀಪಗಳಿಗೆ ಹೋಯಿತು.

ಇಷ್ಟು ತಿಳಿದ ಮೇಲೆ, ಮಣ್ಣಿನಲ್ಲಿ ಸಿಕ್ಕ ಹಳೆಯ ದೋಣಿಯ ತಳದಲ್ಲಿ ಬೆಣೆ ಹೊಡೆದ ತೂತು ಕಂಡರೆ ‘ಇದನ್ನು ಕಾವಿನಿಂದ ಅಗಲಿಸಿದ್ದರು’ ಎಂದು ಬರೆದುಬಿಡುವ ಆಸೆಯಾಗುತ್ತದೆ. ತಡೆದುಕೊಳ್ಳಬೇಕು. ಸ್ಕಾಟ್ಲೆಂಡಿನ ಹಳೆಯ ಒಂಟಿಮರದ ದೋಣಿಗಳಲ್ಲೂ ದಪ್ಪ ನೋಡುವ ತೂತುಗಳನ್ನು ಗುರುತಿಸಿದ್ದಾರೆ. ಅಲ್ಲಿ ಬಳಕೆಯಲ್ಲಿದ್ದ ಓಕ್ ಮರವಾದರೋ ಗಡಸು, ಗೋಡೆಗಳೂ ದಪ್ಪ. ಬೆಣೆ ಅಳತೆಗೆ ಸಾಕ್ಷಿಯೇ ಹೊರತು ಅರಳಿಸಿದ್ದಕ್ಕೆ ಅಲ್ಲ. ಅಳತೆಗೂ ಅದು ತಾನೇ ತಾನಾಗಿ ಸಾಕ್ಷಿಯಾಗದು. ಮಳೆನೀರು ಹರಿಸಲು ಮಾಡಿದ ತೂತಿರಬಹುದು, ಬಿರುಕಿಗೆ ತೇಪೆ ಹಾಕಿದ್ದಿರಬಹುದು, ಒಳಗೊಂದು ಅಡ್ಡಪಟ್ಟಿ ಕೂರಿಸಿದ್ದಿರಬಹುದು. ತೂತುಗಳು ಅಡ್ಡಸಾಲಿನಲ್ಲಿ ಸಮ ಅಂತರದಲ್ಲಿದ್ದು, ಬೆಣೆಯ ತುದಿ ಒಳಮೈಯ ಜೊತೆ ಬಾಚಿಯ ಒಂದೇ ಏಟಿಗೆ ತುಂಡಾಗಿದ್ದರೆ ಮಾತ್ರ ಕಾವಲು ಬೆಣೆ ಎನ್ನಲು ನನಗೆ ಧೈರ್ಯ ಬರುತ್ತದೆ.

ನಮ್ಮ ಪಶ್ಚಿಮ ಕರಾವಳಿ ಅಗಲದ ಸಮಸ್ಯೆಗೆ ಬೇರೆಯೇ ದಾರಿ ಹಿಡಿಯಿತು. ಇಲ್ಲಿ ಕೊರೆದದ್ದು ಹೆಚ್ಚಾಗಿ ಮಾವು, ಹೆಬ್ಬಲಸು, ಬೂರುಗ. ಬದಿಗಿಂತ ತಳವನ್ನು ದಪ್ಪ ಬಿಡುತ್ತಿದ್ದರು: ಅಲೆಯಲ್ಲಿ ಸ್ಥಿರವಾಗಿ ನಿಲ್ಲಲು ಭಾರ ಕೆಳಗಿರಬೇಕು, ಮರಳ ಮೇಲೆ ಎಳೆದು ತರುವಾಗ ಸವೆಯುವುದೂ ತಳವೇ. ಎತ್ತರ ಸಾಲದಿದ್ದರೆ ಅಂಚಿನ ಮೇಲೆ ಹಲಗೆಯಿಟ್ಟು ತೆಂಗಿನ ನಾರಿನ ಹುರಿಯಿಂದ ಹೊಲಿದರು. ಓಲಾಟ ತಡೆಯಲು ಕಾರವಾರದ ಕಡೆ ಸಣ್ಣ ದೋಣಿಗಳ ಒಂದು ಬದಿಗೆ ತೇಲುಮರ ಕಟ್ಟಿದರು. ಘಟ್ಟದಲ್ಲಿ ತಬ್ಬಿದರೂ ಸಿಗದ ಮರಗಳಿದ್ದಾಗ ಬೆಂಕಿಯ ಮುಂದೆ ಕೂತು ಆಸ್ಪೆನ್ ಅರಳಿಸುವ ತಾಪತ್ರಯ ಯಾರಿಗೆ ಬೇಕಿತ್ತು? ಇದು ನನ್ನ ಊಹೆ, ಆದರೆ ಮರದ ಗಾತ್ರವನ್ನು ಬಿಟ್ಟು ದೋಣಿಯ ಆಕಾರವನ್ನು ವಿವರಿಸುವ ಬರಹಗಳಿಗಿಂತ ಇದು ನೆಲಕ್ಕೆ ಹತ್ತಿರ.

ದೊಡ್ಡ ಮರಕ್ಕೂ ತನ್ನದೇ ತೊಂದರೆಯಿದೆ: ಒಳಗೆ ಪೊಟರೆ. 1984ರಲ್ಲಿ ಇಂಗ್ಲೆಂಡಿನ ಹ್ಯಾಶೋಮ್ ಎಂಬಲ್ಲಿ ಸಿಕ್ಕ 12.78 ಮೀಟರ್ ಉದ್ದದ ಓಕ್ ದೋಣಿಯ ಮರವನ್ನು ಕಡಿದದ್ದು ಕ್ರಿಸ್ತಪೂರ್ವ 322ರಿಂದ 277ರ ನಡುವೆ ಎಂದು ವಾರ್ಷಿಕ ಉಂಗುರಗಳಿಂದ ತಿಳಿದಿದ್ದಾರೆ. ಮುದಿ ಓಕ್, ತಿರುಳು ಕೊಳೆತಿತ್ತು. ಮಾಡಿದವರು ಮರ ಬಿಸಾಡಲಿಲ್ಲ. ತೆರೆದ ಹಿಂಬದಿಗೆ ಅಡ್ಡಹಲಗೆ ಕೂರಿಸಿ, ಮುಂಬದಿಗೆ ಬೇರೆ ತುಂಡುಗಳನ್ನು ಜೋಡಿಸಿ ಮುಚ್ಚಿದರು. ಒಂಟಿಮರದ ದೋಣಿ ಎನ್ನುವ ಹೆಸರು ಅಲ್ಲಿಗೆ ಅರ್ಧ ಸುಳ್ಳಾಯಿತು.

ಕೆನಡಾದ ಕರಾವಳಿಯವರು ಈ ಪೆಟ್ಟನ್ನು ಮೊದಲೇ ತಪ್ಪಿಸಿಕೊಳ್ಳುತ್ತಿದ್ದರು. ನಿಂತ ಸೀಡರ್ ಮರದ ಬುಡದ ಹತ್ತಿರ ತಿರುಳಿನವರೆಗೆ ಒಂದು ಗೂಡು ಕೊರೆದು, ಒಳಗೆ ಕೊಳೆತಿದೆಯೇ ಎಂದು ನೋಡುವುದು. ಗಟ್ಟಿಯಿದ್ದರೆ ಕಡಿಯುವುದು, ಇಲ್ಲವಾದರೆ ಮುಂದಿನ ಮರಕ್ಕೆ ಹೋಗುವುದು. ಬ್ರಿಟಿಷ್ ಕೊಲಂಬಿಯಾದ ಕಾನೂನು 1846ಕ್ಕಿಂತ ಹಿಂದಿನ ಇಂಥ ಗುರುತಿನ ಮರಗಳನ್ನು ಪುರಾತತ್ವ ಅವಶೇಷಗಳ ಸಾಲಿಗೆ ಸೇರಿಸಿ ಕಾಯುತ್ತದೆ. ದೋಣಿಗೆ ಆಗದೆ ಉಳಿದ ಆ ಮರಗಳಲ್ಲಿ ಕೆಲವು ಇನ್ನೂ ಬೆಳೆಯುತ್ತಿವೆ. ಗೂಡಿನ ಸುತ್ತ ತೊಗಟೆ ದಪ್ಪ ತುಟಿಯಂತೆ ಮಡಿಚಿಕೊಂಡಿದೆ.