ಕಬ್ಬನ್ ಪಾರ್ಕಿನ ಎಲ್ಲೆಗಲ್ಲು

ಮಾಗೋಡಿನವರಿಗೆ ಮರ ನೋಡಲು ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ. ಬೇಡ್ತಿ ಹೊಳೆ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಧುಮುಕುವ ಜಾಗ ಅದು. ಅಂಗಳ ದಾಟಿದರೆ ಕಾಡು. ಆದರೂ ಯಲ್ಲಾಪುರ, ಶಿರಸಿ, ಸಿದ್ದಾಪುರ ಕಡೆಯ ಕಕ್ಷಿದಾರರಿಗೆ ಒಂದು ಕಾಲದಲ್ಲಿ ಕಬ್ಬನ್ ಪಾರ್ಕಿನ ನೆರಳಿನ ಪರಿಚಯ ಚೆನ್ನಾಗಿಯೇ ಇತ್ತು. 2008ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಗುವ ತನಕ, ಜಮೀನಿನ ತಕರಾರು ಹೈಕೋರ್ಟ್ ಮುಟ್ಟಿತೆಂದರೆ ಬೆಂಗಳೂರಿಗೇ ಹೋಗಬೇಕಿತ್ತು. ಹೈಕೋರ್ಟ್ ಇರುವುದು ಈ ಉದ್ಯಾನದ ಅಂಚಿನ ಕೆಂಪು ಕಟ್ಟಡದಲ್ಲಿ. ತೋಟ, ಬೆಟ್ಟಗಳ ಎಲ್ಲೆಯ ವ್ಯಾಜ್ಯ ಹೊತ್ತು ಹೋದವರು ಕುಳಿತು ದಣಿವಾರಿಸಿಕೊಂಡ ಆ ಉದ್ಯಾನದ ಚರಿತ್ರೆಯೂ ಬಹುಮಟ್ಟಿಗೆ ಎಲ್ಲೆಯದೇ ಚರಿತ್ರೆ.

ಕಟ್ಟಡ ಮೊದಲು, ಉದ್ಯಾನ ಆಮೇಲೆ. ಹದಿನೆಂಟು ಇಲಾಖೆಗಳಿಗೆಂದು ಕಟ್ಟಿದ ಅಠಾರಾ ಕಚೇರಿ 1868ರಲ್ಲಿ ಮುಗಿಯಿತು. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ 1870ರಲ್ಲಿ ಅದರ ಎದುರಿನ ಬಯಲನ್ನು ಉದ್ಯಾನವಾಗಿ ರೂಪಿಸಿದರು. ಆಗ ಅದರ ವಿಸ್ತಾರ ಸುಮಾರು 100 ಎಕರೆ. ಮುಂದೆ ಅದು ಬೆಳೆದು 300 ಎಕರೆಯಾಯಿತು. ಒಂದು ಕಡೆ ಪೇಟೆ, ಇನ್ನೊಂದು ಕಡೆ ದಂಡು. ನಡುವೆ ಈ ಹಸಿರು. ಎರಡು ಊರುಗಳನ್ನು ದೂರವಿಟ್ಟ ಪಟ್ಟಿಯೇ ಇಂದು ಒಂದೇ ನಗರದ ನಡುಮನೆಯಾಗಿದೆ.

ಹೆಸರಿನ ಕಥೆ ಸ್ವಾರಸ್ಯದ್ದು. ಮೊದಲು ಇದು ಆಗಿನ ಕಮಿಷನರ್ ಮೀಡ್ ಹೆಸರಿನಲ್ಲಿ ಮೀಡ್ಸ್ ಪಾರ್ಕ್ ಆಗಿತ್ತು. ಬಳಿಕ ದೀರ್ಘಕಾಲ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹೆಸರು ಬಂತು. ಆತ ತೀರಿಕೊಂಡದ್ದು 1861ರಲ್ಲಿ, ಉದ್ಯಾನ ಕಾಣುವ ಮೊದಲೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಸಂದರ್ಭದಲ್ಲಿ, 1927ರಲ್ಲಿ, ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಅಧಿಕೃತ ನಾಮಕರಣವಾಯಿತು. ಕಾಗದಪತ್ರದಲ್ಲಿ ಅದೇ ಇದೆ. ಆಟೋದವರಿಗೆ ಮಾತ್ರ ಕಬ್ಬನ್ ಪಾರ್ಕ್ ಎಂದೇ ಹೇಳಬೇಕು. ಹೈಕೋರ್ಟಿನ ಆವರಣದಲ್ಲಿದ್ದ ಕಬ್ಬನ್ ಪ್ರತಿಮೆ 2020ರಲ್ಲಿ ಪಾರ್ಕಿನೊಳಕ್ಕೆ ಬಂತು.

ವಿನ್ಯಾಸದಲ್ಲಿ ಎರಡು ಮನೋಧರ್ಮಗಳಿವೆ. ಅಠಾರಾ ಕಚೇರಿಯಿಂದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕಡೆಗೆ ಒಂದು ನೇರ ಗೆರೆ. ವಾದ್ಯಮಂಟಪ, ವೃತ್ತಗಳು, ಗುಲಾಬಿ ತೋಟ ಎಲ್ಲ ಅಳತೆಗೆ ಸಿಕ್ಕಂಥವು. ಆ ಗೆರೆಯಿಂದ ಸರಿದರೆ ಬಂಡೆಗಳನ್ನು ಒಡೆಯದೆ ಹಾಗೇ ಬಿಟ್ಟಿದ್ದಾರೆ, ಬಿದಿರು ಮೆಳೆಗಳಿವೆ, ಹಾದಿಗಳು ನೆಲದ ಏರಿಳಿತಕ್ಕೆ ತಕ್ಕಂತೆ ಬಳುಕುತ್ತವೆ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕೃಂಬಿಗಲ್, ಒಂದು ಜಾತಿಯ ಹೂವು ಉದುರುವಾಗ ಇನ್ನೊಂದು ಅರಳುವಂತೆ ನಗರದ ಮರಗಳನ್ನು ಆಯ್ದರು. ಪಾರ್ಕಿನಲ್ಲಿ ಸುಮಾರು 6000 ಮರಗಳಿವೆಯೆಂಬುದು ತೋಟಗಾರಿಕೆ ಇಲಾಖೆಯ ಲೆಕ್ಕ. ಗುಲ್‌ಮೊಹರ್ ಮಡಗಾಸ್ಕರಿನದು, ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು; ಅವುಗಳ ಜೊತೆಗೆ ನಮ್ಮ ಆಲ, ಹಲಸು, ಕಕ್ಕೆ. ಘಟ್ಟದವರ ಕಣ್ಣಿಗೆ ಇದು ಕಾಡಲ್ಲ, ತೋಟವೂ ಅಲ್ಲ. ಇಲ್ಲಿನ ಮರ ಸೊಪ್ಪಿಗಲ್ಲ, ಫಲಕ್ಕಲ್ಲ, ನೆರಳಿಗೆ ಮಾತ್ರ.

ಸ್ಯಾಂಕಿ ಹಾಕಿದ ಗೆರೆಯನ್ನು ಮುಂದಿನವರು ಅಷ್ಟಾಗಿ ಗೌರವಿಸಲಿಲ್ಲ. 1877ರಲ್ಲಿ ವಸ್ತುಸಂಗ್ರಹಾಲಯ, 1915ರಲ್ಲಿ ಗ್ರಂಥಾಲಯ ಬಂದವು. ಅವನ್ನು ಯಾರೂ ಆಕ್ಷೇಪಿಸಲಾರರು. ಆಮೇಲೆ ಕ್ಲಬ್ಬು, ಟೆನಿಸ್ ಕ್ರೀಡಾಂಗಣ, ಬಾಲಭವನ, ಮತ್ಸ್ಯಾಲಯ. ಪತ್ರಕರ್ತರ ಪ್ರೆಸ್ ಕ್ಲಬ್ಬೂ ಇದೇ ಸಾಲಿನಲ್ಲಿದೆ ಎಂಬುದನ್ನು ಮುಚ್ಚಿಡುವಂತಿಲ್ಲ. ಒಂದೊಂದೂ ಸಾರ್ವಜನಿಕ ಹಿತದ ಹೆಸರಿನಲ್ಲೇ ಬಂದದ್ದು.

ಇದನ್ನು ತಡೆಯಲೆಂದೇ 1975ರಲ್ಲಿ ಕರ್ನಾಟಕ ಸರಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂತು. ಉದ್ಯಾನದ ನೆಲವನ್ನು ಪರಭಾರೆ ಮಾಡುವುದಕ್ಕೂ ಅಲ್ಲಿ ಕಟ್ಟಡ ಕಟ್ಟುವುದಕ್ಕೂ ಅದು ಕಡಿವಾಣ ಹಾಕಿತು. ಆದರೆ ಉದ್ಯಾನವೆಂದರೆ ಯಾವ ನೆಲ? ಅದನ್ನು ಹೇಳುವುದು ಸರಕಾರದ ಅಧಿಸೂಚನೆ. ಪಟ್ಟಿಯಿಂದ ಕೈಬಿಟ್ಟ ನೆಲಕ್ಕೆ ಕಾಯ್ದೆಯ ರಕ್ಷಣೆಯೂ ಇಲ್ಲ. 1998ರಲ್ಲಿ ಸುಮಾರು 32 ಎಕರೆಯನ್ನು ಹೀಗೆ ಹೊರಗಿಡಲು ಸರಕಾರ ಹೊರಟಾಗ ಬೆಂಗಳೂರಿನ ನಾಗರಿಕರು ಬೀದಿಗಿಳಿದರು. ಬೆಳಗಿನ ವಾಯುವಿಹಾರಕ್ಕೆ ಬರುತ್ತಿದ್ದವರ ಕೈಗೆ ಫಲಕ ಬಂತು. ಒಂದು ಮರವನ್ನೂ ಕಡಿಯದೆ ಉದ್ಯಾನವನ್ನು ಕಿರಿದು ಮಾಡಬಹುದೆಂಬುದು ಹಲವರಿಗೆ ಗೊತ್ತಾದದ್ದೇ ಆಗ.

ತಕರಾರು ಹೈಕೋರ್ಟಿಗೂ ಹೋಯಿತು. ದೂರವೇನಿರಲಿಲ್ಲ, ಪಾರ್ಕಿನ ಹಾದಿಯಲ್ಲಿ ನಡೆದೇ ಹೋಗಬಹುದಿತ್ತು.