ದೀರ್ಘ ರೋಗದ ನಷ್ಟ ಯಾರ ಖಾತೆಗೆ?

ಕಾರ್ಮಿಕನೊಬ್ಬ ಆರು ತಿಂಗಳು ಹಾಸಿಗೆ ಹಿಡಿದರೆ ಆ ನಷ್ಟವನ್ನು ಯಾರ ಖಾತೆಗೆ ಬರೆಯತಕ್ಕದ್ದು? ಬೆಂಗಳೂರು ದಂಡುಪ್ರದೇಶದ ಪೂರ್ವಕ್ಕೆ ಕೈಗಾರಿಕೆಗಳು ಬೆಳೆದಂತೆ ಈ ಪ್ರಶ್ನೆಯೂ ಬೆಳೆಯಿತು. 1948ರಲ್ಲಿ ಕೃಷ್ಣರಾಜಪುರದ ಸಮೀಪ ಐ.ಟಿ.ಐ., ಮುಂದಿನ ದಶಕದಲ್ಲಿ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಸ್ಥಾಪಿತವಾದವು. ಸಣ್ಣ ಕಾರ್ಖಾನೆಯ ಕೂಲಿಕಾರನ ಮಟ್ಟಿಗೆ ಉತ್ತರ ಒಂದೇ ಆಗಿತ್ತು: ನಷ್ಟವೆಲ್ಲ ಮನೆಯವರದು. ಸಂಬಳ ನಿಂತೊಡನೆ ಹೆಂಡತಿಯ ಒಡವೆ ಗಿರವಿ ಅಂಗಡಿ ಸೇರುತ್ತಿತ್ತು. ಅಂತಹ ಅಂಗಡಿಗಳಲ್ಲಿ ಹಲವು ಜೈನರವೇ ಆಗಿದ್ದವೆಂಬುದನ್ನು ಮರೆಮಾಚುವಂತಿಲ್ಲ.

1944ರ ಅಡಾರ್ಕರ್ ವರದಿಯನ್ನು ಆಧರಿಸಿ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯ್ದೆ ಬಂದಿತು. 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಆರಂಭವಾದ ಯೋಜನೆ 1958ರಲ್ಲಿ ಬೆಂಗಳೂರನ್ನು ತಲುಪಿತು. ವಿದ್ಯುಚ್ಛಕ್ತಿ ಬಳಸುವ, 20 ಅಥವಾ ಹೆಚ್ಚು ಜನರಿದ್ದ ಕಾರ್ಖಾನೆಗಳು ಅದರ ವ್ಯಾಪ್ತಿಗೆ ಸೇರಿದವು. ರೋಗಭತ್ಯ ಪಡೆಯುತ್ತಿರುವವನನ್ನು ಕೆಲಸದಿಂದ ತೆಗೆಯುವುದನ್ನು ಕಾಯ್ದೆಯ 73ನೆಯ ವಿಧಿ ನಿಷೇಧಿಸಿತು. ಹಣಕ್ಕಿಂತ ಇದೇ ದೊಡ್ಡ ಉಪಕಾರವೆನ್ನಬೇಕು.

ಆಗ ದೀರ್ಘ ರೋಗವೆಂದರೆ ಮುಖ್ಯವಾಗಿ ಕ್ಷಯ. 1959ರಲ್ಲಿ ಪ್ರಕಟವಾದ ಮದರಾಸಿನ ಅಧ್ಯಯನವೊಂದು, ಮನೆಯಲ್ಲೇ ಔಷಧಿ ಸೇವಿಸಿದವರೂ ಆರೋಗ್ಯಧಾಮದಲ್ಲಿದ್ದವರಂತೆಯೇ ಗುಣಹೊಂದುವರೆಂದು ತೋರಿಸಿತು. ಅದೇ ವರ್ಷ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ರೋಗಿ ಮನೆಯಲ್ಲೇ ಉಳಿಯಬಹುದಾಯಿತು. ಆದರೆ ಮನೆಯಲ್ಲಿ ಒಲೆ ಉರಿಯಬೇಕಷ್ಟೆ! ಕಾಲಕ್ರಮದಲ್ಲಿ ರೋಗಭತ್ಯ ವೇತನದ ಶೇ. 70ಕ್ಕೆ, ವರ್ಷಕ್ಕೆ 91 ದಿನಗಳಿಗೆ ನಿಂತಿತು. ಪಟ್ಟಿಮಾಡಿದ 34 ದೀರ್ಘ ರೋಗಗಳಿಗೆ ಎರಡು ವರ್ಷಗಳವರೆಗೆ ಶೇ. 80 ದೊರೆಯುವಂತಾಯಿತು.

2019ರಲ್ಲಿ ನಿಗದಿಯಾದ ದರವನ್ನೇ ತೆಗೆದುಕೊಳ್ಳೋಣ: ಮಾಲೀಕನದು ಶೇ. 3.25, ನೌಕರನದು ಶೇ. 0.75. ರೂ. 15,000 ವೇತನಕ್ಕೆ ಒಟ್ಟು ವಂತಿಗೆ ರೂ. 600. ಇಪ್ಪತ್ತು ಜನರ ವಂತಿಗೆ ರೂ. 12,000, ದೀರ್ಘ ರೋಗಿಯೊಬ್ಬನ ತಿಂಗಳ ಭತ್ಯವೂ ಅಷ್ಟೇ. ಔಷಧಿಗೆ, ಇಂದಿರಾನಗರದ ಇ.ಎಸ್.ಐ. ಆಸ್ಪತ್ರೆಯ ಹಾಸಿಗೆಗೆ ಒಂದು ಕಾಸೂ ಉಳಿಯದು. ಒಂದೇ ಕಾರ್ಖಾನೆ ಹೊರಲಾರದ ಹೊರೆಯನ್ನು ಸಾವಿರಾರು ಕಾರ್ಖಾನೆಗಳು ಹಂಚಿಕೊಂಡದ್ದರಿಂದಲೇ ಯೋಜನೆ ನಿಂತಿತು.

ಐದಾರು ನೌಕರರಿರುವ ಕಮರ್ಷಿಯಲ್ ರಸ್ತೆಯ ಅಂಗಡಿಯಾಗಲಿ, ಅಷ್ಟೇ ಸಿಬ್ಬಂದಿಯ ಬಸದಿಯಾಗಲಿ ಸಾಮಾನ್ಯವಾಗಿ ಈ ಕಡ್ಡಾಯ ವ್ಯಾಪ್ತಿಯ ಹೊರಗೆ. ಅಲ್ಲಿ ರೋಗಿಗೆ ಕೊಟ್ಟ ಹಣ ಎಷ್ಟೋ ವೇಳೆ ‘ಮುಂಗಡ’ವೆಂದು ಖಾತೆ ಸೇರಿ, ಅವನು ಮರಳಿದ ಮೇಲೆ ಸಂಬಳದಲ್ಲಿ ಮುರಿದುಹೋಗುತ್ತದೆ. ಐವರ ಹೆಸರಿನಲ್ಲಿ ಇದೇ ದರದಂತೆ ತೆಗೆದಿರಿಸಿದರೆ ತಿಂಗಳಿಗೆ ರೂ. 3,000, ಒಂದು ತಿಂಗಳ ಭತ್ಯಕ್ಕೆ ನಾಲ್ಕು ತಿಂಗಳು ಕಾಯಬೇಕು. ಅಂತಹ ನಾಲ್ಕು ಸಂಸ್ಥೆಗಳು ಕೂಡಿ ಒಂದೇ ನಿಧಿ ಇರಿಸಿದರೆ ಆ ತಿಂಗಳಲ್ಲೇ ಹಣ ಸಿದ್ಧವಿರುತ್ತದೆ.